ಯಾವ ಆಯ್ತು?

ನಾನು "ನನ್ನನ್ನ ಮದುವೆ ಆಗ್ತೀರಾ?" ಅಂತ ಕೇಳಿದೆ. ಅವನು "ಆಯ್ತು" ಅಂದ. ನಡೆದದ್ದು ಇಷ್ಟೇ. ಇಷ್ಟಕ್ಕೇ ನನ್ನ ಕಾಲು ನೆಲಕ್ಕೆ ತಾಗದ ಹಾಗಾಯಿತು, ನಮ್ಮಮ್ಮ ಫೋನು ಕೆಳಗಿಡದ ಹಾಗಾಯಿತು, ಮರುದಿನ ಊರಿನ ಅರ್ಧಕ್ಕರ್ಧ ವಾದ್ಯದವರು ನಮ್ಮ ಅಂಗಡಿಗೆ ನುಗ್ಗುವ ಹಾಗಾಯಿತು. ಕೊನೆಯದಕ್ಕೆ ಕಾರಣ ನಾನು ಕಂಪ್ಯೂಟರಿನಲ್ಲಿ ಬರೆದ ಕೋಡು, ಒಪ್ಪುತ್ತೇನೆ. ಆದರೆ ಅವತ್ತು ನನಗೆ ಕೋಡು ಮೂಡಿದ್ದಕ್ಕೆ ಕಾರಣ ಅವನೇ ಅಂತ ಇವತ್ತಿಗೂ ಜಗಳ ಆಡುತ್ತೇನೆ.

ನಮ್ಮದು ವಾದ್ಯ ರಿಪೇರಿ ಮಾಡುವ ಅಂಗಡಿ. ಮುಂದೆ ಉದ್ದನೆಯ ಕೌಂಟರು, ಅದರ ಹಿಂದೆ ಪಿಟೀಲು, ಗಿಟಾರುಗಳ ಬೆಂಚು, ಆಚೆ ತುತ್ತೂರಿಗಳ ಕೋಣೆ, ಎಲ್ಲಕ್ಕಿಂತ ಹಿಂದೆ ಪಿಯಾನೋ ಕೋಣೆ. ಎಲ್ಲಿ ಹೋದರೂ ಅಂಟಿನ ವಾಸನೆ, ಕಾಲಡಿಗೆ ಮರದ ಹೊಟ್ಟು. ನನಗೆ ಒಂದು ವಾದ್ಯವೂ ನುಡಿಸಲು ಬರುವುದಿಲ್ಲ, ಶಿಳ್ಳೆ ಕೂಡ ಸರಿಯಾಗಿ ಹಾಕಲು ಬರುವುದಿಲ್ಲ. ನನ್ನ ಕೆಲಸ ಲಿಸ್ಟು. ಅಂಗಡಿಯವರೆಲ್ಲ ಸೇರಿ ಬಳಸುವ ಸೈಟೊಂದಿದೆ, ಬಂದ ಪ್ರತಿ ವಾದ್ಯಕ್ಕೂ ಅದರಲ್ಲೊಂದು ಸಾಲು. ಸಾಲಿನ ಕೊನೆಯಲ್ಲಿ "ಸ್ಥಿತಿ" ಅಂತ ಒಂದು ಕಾಲಮ್ಮು. ಅದರಲ್ಲಿ ಮೂರೇ ಆಯ್ಕೆ: ಬಂದಿದೆ, ನಡೀತಿದೆ, ಆಯ್ತು. "ಆಯ್ತು" ಅಂತ ಹಾಕಿದ ಕೂಡಲೇ ಸೈಟು ತಾನಾಗಿಯೇ ವಾದ್ಯದವರಿಗೆ ಮೆಸೇಜು ಕಳಿಸಿಬಿಡುತ್ತದೆ: "ನಿಮ್ಮ ವಾದ್ಯ ಆಯ್ತು. ಬಂದು ತೆಗೆದುಕೊಂಡು ಹೋಗಿ."

ನಮ್ಮ ಕೆಲಸಗಾರರಿಗೆ ಆ ಕಾಲಮ್ಮು ಕಣ್ಣಿಗೇ ಬೀಳುವುದಿಲ್ಲ. ಏನಿದ್ದರೂ ಪಕ್ಕದ "ಟಿಪ್ಪಣಿ"ಯಲ್ಲಿ ಗೀಚಿ ಕೈ ತೊಳೆದುಕೊಳ್ಳುತ್ತಾರೆ. ನಾನು ಒಂದೊಂದೇ ಸಾಲು ತೆರೆದು, ಓದಿ, ಸ್ಥಿತಿ ಬದಲಾಯಿಸಿ, ಉಳಿಸಿ, ಮುಚ್ಚಬೇಕು. ಮತ್ತೆ ತೆರೆ, ಮತ್ತೆ ಮುಚ್ಚು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಅದರ ಮೇಲೆ ಈ ಕೆಲಸ ಬೇರೆ.

ಕೋಪ ಬಂದಾಗ ನಾನು ಹೋಗುತ್ತಿದ್ದದ್ದು ಪಿಯಾನೋ ಕೋಣೆಗೆ. ಅಲ್ಲಿ ಶ್ರುತಿ ಮಾಡುವವನೊಬ್ಬ ಇದ್ದ. ಅಂಗಡಿಯಲ್ಲಿ ಅವನಿಗೆ ಇಟ್ಟ ಹೆಸರು ಗುಮ್ಮ. ಗುಮ್ಮನಗುಸುಕ ಅಂತ ಶುರುವಾಗಿ, ಕರೆಯಲು ಉದ್ದವಾಯಿತು ಅಂತ ಅರ್ಧಕ್ಕೇ ನಿಂತ ಹೆಸರು. ಬಾಯಿಗೆ ಬೀಗ ಹಾಕಿ ಬೀಗದ ಕೈ ಎಲ್ಲೋ ಕಳೆದುಕೊಂಡವನ ಥರ ಇರುತ್ತಿದ್ದ. ನಾನು ಹೋಗಿ ಯಜಮಾನಮ್ಮನನ್ನು, ಕೆಲಸಗಾರರನ್ನು, ಬಸ್ಸಿನವನನ್ನು, ಸಿಕ್ಕವರನ್ನೆಲ್ಲ ಬೈದು ಮುಗಿಸುವವರೆಗೂ ಅವನು ಕೆಲಸ ನಿಲ್ಲಿಸಿ ಕೇಳುತ್ತಿದ್ದ. ಆಮೇಲೆ, "ಟೀ ಕುಡೀತೀರಾ?" ಅನ್ನುತ್ತಿದ್ದ. ಹೀಗೇ ಟೀ ಕುಡಿದು ಕುಡಿದು ನನಗೆ ಅವನ ಮೇಲೆ ಪ್ರೀತಿ ಬಂದುಬಿಟ್ಟಿತು. ಇವನಾಗಿ ಕೇಳುತ್ತಾನೆ ಅಂತ ಕಾದರೆ ನನ್ನ ತಲೆಯಲ್ಲಿ ಒಂದು ಕಪ್ಪು ಕೂದಲೂ ಉಳಿಯುವುದಿಲ್ಲ ಅನ್ನಿಸಿ, ಒಂದು ಸಂಜೆ ಮನೆಗೆ ಹೊರಡುವ ಮುಂಚೆ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೋಗಿ ಕೇಳಿಬಿಟ್ಟೆ.

ಅವನ ತಲೆ ದೊಡ್ಡ ಪಿಯಾನೋದ ಒಳಗಿತ್ತು. ಹೊರಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ಪ್ರಾಮಾಣಿಕವಾಗಿ ಹೇಳುತ್ತೇನೆ, ಮುಖ ಕಂಡಿದ್ದರೆ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ನಾನು ಬೆನ್ನನ್ನು ಕೇಳಿದೆ. ಒಳಗಿನಿಂದ ಒಂದು ತಂತಿ ಟಿಂಗ್ ಅಂದಿತು. ಆಮೇಲೆ ಅವನ ದನಿ: "ಆಯ್ತು."

ಅಷ್ಟೇ ಸಾಕಾಯಿತು. ನಾನು ಅಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ನಾಚಿಕೆಯೋ ಸಂತೋಷವೋ, ಕೊಡೆ ಮರೆತು, ಊಟದ ಡಬ್ಬಿ ಮರೆತು, ಬಸ್‌ಸ್ಟಾಪಿನವರೆಗೆ ಓಡಿದೆ. ಮನೆಗೆ ಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ. ಅಕ್ಕನಿಗೆ ಹೇಳುವುದೂ ಡಂಗುರ ಸಾರುವುದೂ ಒಂದೇ.

"ಅಮ್ಮಾ! ಇವಳೇ ಕೇಳಿದ್ಳಂತೆ! ಹುಡುಗ ಆಯ್ತು ಅಂದ್ನಂತೆ!"

"ಯಾರೇ? ಆ ಟೀ ಹುಡುಗನಾ?" ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. "ಸದ್ಯ! ನಿನ್ನ ಬಾಯಿಗೆ ಹೆದರದೆ ಒಬ್ಬ ಸಿಕ್ಕಿದ್ನಲ್ಲಾ!" ಅಂತ ಕಣ್ಣು ಒರೆಸಿಕೊಂಡು ಫೋನು ತೆಗೆದುಕೊಂಡಳು. ಚಿಕ್ಕಮ್ಮನಿಗೆ, ದೊಡ್ಡಮ್ಮನಿಗೆ, ಮಾವನಿಗೆ, ಕೊನೆಗೆ ನೀರಿನ ಪೈಪು ಸರಿಮಾಡುವವನಿಗೂ ವಿಷಯ ಹೋಯಿತು.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಗುಮ್ಮ ನನ್ನ ಕೊಡೆ, ಡಬ್ಬಿ ಎರಡನ್ನೂ ತಂದು ಕೌಂಟರಿನ ಮೇಲಿಟ್ಟ. ಡಬ್ಬಿ ತೊಳೆದಿದ್ದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಹೋದ. ಪಾಪ, ನಾಚಿಕೆ ಅಂದುಕೊಂಡೆ. ತೊಳೆದ ಡಬ್ಬಿಯನ್ನೇ ನೋಡುತ್ತಾ ಹಲ್ಲು ಕಿರಿದುಕೊಂಡು ಕೂತೆ.

ಅಷ್ಟರಲ್ಲಿ ಯಜಮಾನಮ್ಮ ಬಂದರು. ಅಂಗಡಿ ಅವರದು. ಕನ್ನಡಕ ಯಾವಾಗಲೂ ಹಣೆ ಮೇಲೆ, ಹುಡುಕುವುದು ಯಾವಾಗಲೂ ಕನ್ನಡಕ. "ಏನಮ್ಮಾ, ಲಿಸ್ಟಿನಲ್ಲಿ ಒಂದೂ ಸರಿ ಇಲ್ವಲ್ಲ. ಎಲ್ಲಾ ನಡೀತಿದೆ, ನಡೀತಿದೆ. ಯಾವತ್ತು ಮುಗಿಯೋದು? ಇವತ್ತು ಎಲ್ಲಾ ಸರಿ ಮಾಡಿಬಿಡು."

ಬೇರೆ ದಿನವಾಗಿದ್ದರೆ ಗೊಣಗುತ್ತಿದ್ದೆ. ಅವತ್ತು, "ಅದಕ್ಕೇನಂತೆ ಮೇಡಂ, ಚಿಟಿಕೆ ಹೊಡೆಯೋಷ್ಟರಲ್ಲಿ ಆಗುತ್ತೆ!" ಅಂದುಬಿಟ್ಟೆ. ಯಾಕೆಂದರೆ ಸೈಟಿನ ಲಿಸ್ಟನ್ನು ಕೈಯಲ್ಲೇ ತಿದ್ದಬೇಕಾಗಿಲ್ಲ, ಕೋಡು ಬರೆದೂ ತಿದ್ದಬಹುದು ಅಂತ ನಾನು ಕಲಿತಿದ್ದೆ. ಕಲಿತದ್ದನ್ನು ಬಳಸಲು ಧೈರ್ಯ ಇರಲಿಲ್ಲ ಅಷ್ಟೇ. ಒಬ್ಬ ಗಂಡಸನ್ನು ಮದುವೆಯಾಗು ಅಂತ ಕೇಳಿ "ಆಯ್ತು" ಅನ್ನಿಸಿಕೊಂಡು ಬಂದವಳಿಗೆ ಇನ್ಯಾವ ಧೈರ್ಯದ ಕೊರತೆ ಹೇಳಿ!

ಬರೆದೆ. ಅದೇನು ಬ್ರಹ್ಮವಿದ್ಯೆಯಲ್ಲ. ಲಿಸ್ಟು ತೆಗೆ, ಒಂದೊಂದೇ ಸಾಲು ನೋಡು, ಟಿಪ್ಪಣಿಯಲ್ಲಿ "ಆಯ್ತು" ಅನ್ನುವ ಪದ ಇದ್ದರೆ ಸ್ಥಿತಿಯನ್ನು "ಆಯ್ತು" ಮಾಡು. ಓಡಿಸಿದೆ. ಕೋಡು ಖುಷಿಯಾಗಿ ಓಡಿತು, ತಪ್ಪು ಅಂತ ಒಂದು ಮಾತೂ ಅನ್ನಲಿಲ್ಲ. ಲಿಸ್ಟು ತೆರೆದು ನೋಡಿದರೆ ಒಂದು ಸಾಲೂ ಬದಲಾಗಿಲ್ಲ! ಮೈಯೆಲ್ಲಾ ಉರಿಯಿತು. ಕಂಪ್ಯೂಟರಿಗೆ ನಾಲ್ಕು ಬೈದು, ಕೋಡು ಕಲಿತ ಪುಸ್ತಕ ತೆಗೆದು ನೋಡಿದಾಗ ಗೊತ್ತಾಯಿತು. ಸಾಲಿಗೆ ಹೊಸ ಸ್ಥಿತಿ ಕೊಟ್ಟರೆ ಸಾಲದು, ಕೊನೆಗೆ "ಅಪ್‌ಡೇಟ್" ಅಂತ ಒಂದು ಮಾತು ಹೇಳಬೇಕು. ಹೇಳದಿದ್ದರೆ ಅದು ಬದಲಾದದ್ದನ್ನು ತನ್ನ ಮನಸ್ಸಿನಲ್ಲೇ ಇಟ್ಟುಕೊಂಡು ಸುಮ್ಮನಿದ್ದುಬಿಡುತ್ತದೆ, ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ. "ಥೇಟ್ ನಮ್ಮ ಗುಮ್ಮನೇ" ಅಂತ ನಗು ಬಂತು. ಆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ.

ಈ ಸಲ ನೋಡಬೇಕಿತ್ತು! "ನಡೀತಿದೆ" ಅನ್ನುವುದೆಲ್ಲ ಪಟಪಟ ಅಂತ "ಆಯ್ತು" ಆಗುತ್ತಾ ಹೋಯಿತು, ಮೇಲಿಂದ ಕೆಳಗೆ, ಪುಟದ ಮೇಲೆ ಪುಟ. ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ. ಮೆಸೇಜು ಕಳಿಸುವುದನ್ನು ಮೊದಲು ನಿಲ್ಲಿಸಬೇಕಿತ್ತು ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯುವುದಕ್ಕೆ ತಲೆ ಇದ್ದದ್ದು ಪಿಯಾನೋ ಕೋಣೆಯಲ್ಲಿ.

ಮೊದಲು ಬಂದವರು ಬ್ಯಾಂಡಿನ ತುತ್ತೂರಿಯವರು. ದಪ್ಪ ಮೀಸೆ, ದಪ್ಪ ನಗು. "ಆಯ್ತಂತಲ್ಲಮ್ಮಾ! ಕೊಡಿ ಕೊಡಿ." ನಾನು ಒಳಗೆ ಹೋಗಿ ತಂದು ಕೊಟ್ಟೆ. ಅವರು ತುಟಿಗಿಟ್ಟು ಊದಿದರು. ಎಮ್ಮೆ ಆಕಳಿಸಿದಂಥ ಸದ್ದು ಬಂತು. ಅವರು ತುತ್ತೂರಿ ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಅವರ ಹಿಂದೆ ಶಾಲೆಯ ಸಂಗೀತದ ಮೇಷ್ಟ್ರು, ಅವರ ಹಿಂದೆ ಅಕಾರ್ಡಿಯನ್ ಅಜ್ಜಿ, ಅಜ್ಜಿಯ ಹಿಂದೆ ಗಿಟಾರಿನವರು, ಡ್ರಮ್ಮಿನವರು, ಬಾಗಿಲಾಚೆ ಬೀದಿಯಲ್ಲಿ ಇನ್ನೂ ಜನ. ಎಲ್ಲರ ಕೈಯಲ್ಲೂ ಫೋನು. ಎಲ್ಲರ ಬಾಯಲ್ಲೂ ಒಂದೇ ಮಾತು, ಆಯ್ತಂತಲ್ಲ, ಆಯ್ತಂತಲ್ಲ.

ಪಿಟೀಲಿನ ಬೆಂಚಿನವರು ತಲೆ ಮೇಲೆ ಕೈ ಹೊತ್ತು ನನ್ನ ಹತ್ತಿರ ಬಂದರು. ವಯಸ್ಸಾದವರು, ನನ್ನನ್ನು ಮಗಳೇ ಅಂತಲೇ ಕರೆಯುವವರು. "ಮೇಷ್ಟ್ರ ಪಿಟೀಲಿಗೆ ಇನ್ನೂ ಕುದುರೇನೇ ಇಟ್ಟಿಲ್ಲವಲ್ಲ ಮಗಳೇ!" ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡಿಗೆ ಕುದುರೆ ಅನ್ನುತ್ತಾರೆ. ಪಕ್ಕದಲ್ಲಿದ್ದ ಡ್ರಮ್ಮಿನವರು "ಕುದುರೆ ಬೇರೆ ಇಟ್ಕೊಂಡಿದ್ದೀರಾ?" ಅಂತ ಒಳಗೆ ಇಣುಕಿದರು.

"ನೀವೇ ಬರೆದಿದ್ದೀರಲ್ಲ, ಆಯ್ತು ಅಂತ!" ನಾನೂ ದನಿ ಏರಿಸಿದೆ.

"ಯಜಮಾನಮ್ಮ ಕುದುರೆ ಬದಲಾಯಿಸಿ ಅಂತ ಬರೆದಿದ್ರು. ಅದಕ್ಕೆ ಆಯ್ತು ಅಂದೆ. ಆಯ್ತು ಅಂದ್ರೆ ಆಗಲಿ, ಮಾಡ್ತೀನಿ ಅಂತ. ಮಾಡಿ ಮುಗಿಸಿದೆ ಅಂತ ಅಲ್ಲವಲ್ಲಾ!"

ಕೂತು ಟಿಪ್ಪಣಿಗಳನ್ನು ಓದಿದೆ. "ಆಯ್ತು, ನೋಡೋಣ." "ಆಯ್ತು, ಆದ್ರೆ ಅಂಟು ಒಣಗಬೇಕು." ಯಾರೋ ಮೇಲೆ ಕೂತು ಮುರಿದ ಗಿಟಾರಿಗೆ, "ಯಾರಿಂದ ಆಯ್ತು ಈ ಗತಿ?" ಅಜ್ಜಿಯ ಅಕಾರ್ಡಿಯನ್ನಿಗೆ, "ಇದರ ಕಥೆ ಆಯ್ತು." ದೇವರೇ! "ಹಾಳಾಯ್ತು" ಮತ್ತು "ಸಾಕಾಯ್ತು" ಮಾತ್ರ ಪಾರಾಗಿದ್ದವು, ಅವುಗಳಲ್ಲಿ ಆ ಅನ್ನುವ ಅಕ್ಷರ ಹಿಂದಿನ ಅಕ್ಷರದೊಳಗೆ ಅಡಗಿ ಕೂತದ್ದಕ್ಕೆ. ಉಳಿದಂತೆ ಬಿಡಿಸಿ ಬರೆದ ಒಂದೊಂದು ಆಯ್ತುವನ್ನೂ ನನ್ನ ಕೋಡು ಹುಡುಕಿ ಹಿಡಿದಿತ್ತು. ಮುಗಿದ ಆಯ್ತು, ಒಪ್ಪಿದ ಆಯ್ತು, ಬೇಸತ್ತ ಆಯ್ತು, ಎಲ್ಲವೂ ಅದಕ್ಕೆ ಒಂದೇ.

ಆಗ, ನಿಜವಾಗಿ ಆಗಲೇ, ಇನ್ನೊಂದು ಯೋಚನೆ ಬಂತು. ಅಯ್ಯೋ. ನಿನ್ನೆ ಸಂಜೆಯದು ಯಾವ ಆಯ್ತು?

ಜನರನ್ನು ತಳ್ಳಿಕೊಂಡು ಹಿಂದಿನ ಕೋಣೆಯ ಬಾಗಿಲಿಗೆ ಹೋದೆ. ಗುಮ್ಮನ ತಲೆ ಅದೇ ಪಿಯಾನೋದೊಳಗೆ. ಶ್ರುತಿಯ ಕೀಲಿ ತಿರುಗಿಸಿದ, ಪಿಯಾನೋದ ಬಿಳಿ ಮನೆಯೊಂದನ್ನು ಬೆರಳಿಂದ ಒತ್ತಿದ, ತಂತಿ ಟಿಂಗ್ ಅಂದಿತು. "ಆಯ್ತು" ಅಂದ. ಪಕ್ಕದ ತಂತಿಗೆ ಹೋದ. ತಿರುಗಿಸಿದ, ಒತ್ತಿದ, ಟಿಂಗ್. "ಆಯ್ತು." ಅದರ ಪಕ್ಕದ್ದಕ್ಕೂ "ಆಯ್ತು." ತಂತಿ ತಂತಿಗೂ ಒಂದೊಂದು ಆಯ್ತು ಹೇಳುತ್ತಾನೆ ಪುಣ್ಯಾತ್ಮ! ಇಷ್ಟು ದಿನ ಟೀ ಕುಡಿದಿದ್ದೇನೆ, ಇದನ್ನು ನಾನು ಗಮನಿಸಿರಲೇ ಇಲ್ಲ. ಹೇಗೆ ಗಮನಿಸಲಿ, ನಾನು ಹೋದರೆ ಅವನು ಕೆಲಸ ನಿಲ್ಲಿಸಿಬಿಡುತ್ತಿದ್ದನಲ್ಲ. ನನಗೆ ಅಳು ಬಂತು. ಅತ್ತರೆ ಕೋಪ ಕಡಿಮೆಯಾಗುತ್ತದೆ ಅಂತ ಅಳಲೂ ಇಲ್ಲ.

ವಾಪಸ್ ಕೌಂಟರಿಗೆ ಬಂದರೆ ಬಾಗಿಲಲ್ಲಿ ಅಮ್ಮ! ಪಕ್ಕದಲ್ಲಿ ಅಕ್ಕ! ಇಬ್ಬರೂ ಮದುವೆಮನೆಗೆ ಹೊರಟವರ ಥರ ಅಲಂಕಾರ ಮಾಡಿಕೊಂಡಿದ್ದಾರೆ. ಇವರಿಬ್ಬರನ್ನು ಯಾರು ಕರೆದಿದ್ದರು?

"ಏನೇ ಇದು, ಇಷ್ಟೊಂದು ಜನ?" ಅಮ್ಮ ಕಣ್ಣರಳಿಸಿದಳು. "ಎಲ್ಲಾ ಹುಡುಗನ ಕಡೆಯವರಾ?"

"ಅಲ್ಲಮ್ಮ! ನೀವ್ಯಾಕೆ ಬಂದ್ರಿ?"

"ಅಳಿಯನ್ನ ನೋಡೋದು ಬೇಡ್ವಾ? ಎಲ್ಲಿದ್ದಾನೆ?" ಅನ್ನುತ್ತಲೇ ಅಮ್ಮ ಮೀಸೆಯ ತುತ್ತೂರಿಯವರ ಕೈ ಹಿಡಿದುಕೊಂಡಳು. "ನೀನೇನಪ್ಪಾ? ಸ್ವಲ್ಪ ವಯಸ್ಸಾದ ಹಾಗಿದೆ, ಇರಲಿ ಬಿಡು, ಮುಖದಲ್ಲಿ ಕಳೆ ಇದೆ. ಇವಳಿಗೆ ಕೋಪ ಜಾಸ್ತಿ, ಆದ್ರೆ ಮನಸ್ಸು ಬೆಣ್ಣೆ."

"ನನ್ನ ತುತ್ತೂರಿ ಆಯ್ತು ಅಂದ್ರು, ಅದಕ್ಕೆ ಬಂದೆ ತಾಯಿ" ಅಂದರು ಅವರು ಗಾಬರಿಯಾಗಿ.

"ತುತ್ತೂರಿ ಊದಿಸೋಕೂ ಹೇಳಿಬಿಟ್ಟಿದ್ದೀರಾ! ಬಹಳ ಮುಂದುವರಿದಿದೆ ಕಣೇ" ಅಂದಳು ಅಮ್ಮ ಅಕ್ಕನಿಗೆ. ಅಕ್ಕ ನಗು ತಡೆಯಲಾರದೆ ಡ್ರಮ್ಮಿನ ಮೇಲೆ ಕೂತಳು. ಅದು ಬೇರೆ ಢಂ ಅಂದಿತು.

ಅಷ್ಟರಲ್ಲಿ ಅಜ್ಜಿ ಬೆಂಚಿನ ಮೇಲಿದ್ದ ತಮ್ಮ ಅಕಾರ್ಡಿಯನ್ನನ್ನು ಎತ್ತಿ ತೊಡೆ ಮೇಲೆ ಇಟ್ಟುಕೊಂಡು ಎಳೆದರು. ಕಥೆ ಆಯ್ತು ಅಂತ ಬರೆಸಿಕೊಂಡ ಆ ಅಕಾರ್ಡಿಯನ್ನು ಒಂದೇ ಒಂದು ಸ್ವರ ಹೊರಡಿಸಿತು. "ಅಯ್ಯೋ ನನ್ನ ಬಂಗಾರ, ಇನ್ನೂ ಉಸಿರಾಡ್ತಿದೆ!" ಅಂತ ಅಜ್ಜಿ ಆ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸತೊಡಗಿದರು. ಗಿಟಾರು ಸರಿಯಾಗಿದ್ದ ಅದೃಷ್ಟವಂತನೊಬ್ಬ ಅದಕ್ಕೆ ಜೊತೆಗೂಡಿದ. ಡ್ರಮ್ಮಿನವರು ಅಕ್ಕನನ್ನು ಎಬ್ಬಿಸಿ ತಾವೂ ಶುರು ಮಾಡಿದರು. ಎಮ್ಮೆಯ ದನಿಯ ತುತ್ತೂರಿಯೂ ಸೇರಿತು. ಯಾರಿಗೂ ಶ್ರುತಿ ಇರಲಿಲ್ಲ, ತಾಳ ಇತ್ತು. ಬೈಯಲು ಬಂದವರು ಕಾಲು ಕುಣಿಸುತ್ತಾ ನಿಂತರು.

ಯಜಮಾನಮ್ಮ ಈ ಸಂತೆಯ ನಡುವೆ ನನ್ನ ಕುರ್ಚಿಯ ಹಿಂದೆ ಪ್ರತ್ಯಕ್ಷರಾದರು. ಅವತ್ತು ಕನ್ನಡಕ ಕಣ್ಣ ಮೇಲಿತ್ತು. ಅಂದರೆ ಗ್ರಹಚಾರ.

"ಇದೇನಮ್ಮಾ ಚಿಟಿಕೆ ಹೊಡೆದದ್ದು? ಇನ್ನೂ ಎಷ್ಟು ಜನ ಬರ್ತಾರೋ! ಮೊದಲು ಅದನ್ನೆಲ್ಲ ಇದ್ದ ಹಾಗೆ ಮಾಡು."

ಪುಣ್ಯಕ್ಕೆ ಸೈಟು ಪ್ರತಿ ಸಾಲಿನ ಹಳೆಯ ರೂಪವನ್ನೂ ಉಳಿಸಿಕೊಂಡಿರುತ್ತದೆ. ಮೆಸೇಜು ಕಳಿಸುವುದನ್ನು ಮೊದಲು ನಿಲ್ಲಿಸಿದೆ. ಬೆಳಿಗ್ಗೆ ನನ್ನ ಕೋಡು ಮುಟ್ಟಿದ ಸಾಲುಗಳನ್ನೆಲ್ಲ ಹಿಂದಿನ ಸ್ಥಿತಿಗೆ ತಿರುಗಿಸುವ ಕೋಡು ಬರೆಯತೊಡಗಿದೆ. "ಅಪ್‌ಡೇಟ್" ಅನ್ನುವ ಸಾಲು ಬರೆಯುವಾಗ ಹಿಂದಿನಿಂದ ಯಾರೋ ಮೆಲ್ಲಗೆ ಕೆಮ್ಮಿದರು. ಗುಮ್ಮ. ಗಲಾಟೆ ಕೇಳಿ ಪಿಯಾನೋದಿಂದ ತಲೆ ಹೊರಗೆ ತೆಗೆದು ಬಂದಿದ್ದ. ಕೂದಲಲ್ಲಿ ಧೂಳು, ಕೈಯಲ್ಲಿ ಕೀಲಿ.

"ಏನು ಮಾಡ್ತಿದ್ದೀರಿ?" ಅಂದ.

"ಕಾಣಲ್ವಾ? ತಪ್ಪಾಗಿ ಆಯ್ತು ಆದದ್ದನ್ನೆಲ್ಲ ವಾಪಸ್ ತಿರುಗಿಸ್ತಿದ್ದೀನಿ." ಆಮೇಲೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ನಿನ್ನೆ ನಾನೊಂದು ಕೇಳಿದೆ. ನೀವು ಆಯ್ತು ಅಂದ್ರಿ. ಆ ಆಯ್ತು ನನಗೋ, ತಂತಿಗೋ?"

ಅವನ ಮುಖ ಕೆಂಪಾಯಿತು. ಕೀಲಿಯನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. ಹಿಂದೆ ಡ್ರಮ್ಮು, ಎಮ್ಮೆ, ಅಜ್ಜಿಯ ಒಂಟಿ ಸ್ವರ. ನಾನು ಅವನ ತುಟಿಯನ್ನೇ ನೋಡುತ್ತಿದ್ದೆ.

"ತಂತಿಗೆ" ಅಂದ.

ನನ್ನ ಜೀವ ಬಾಯಿಗೆ ಬಂದು ಅಲ್ಲೇ ನಿಂತಿತು. ಬಾಗಿಲಲ್ಲಿ ಅಮ್ಮ ಇನ್ನೂ ತುತ್ತೂರಿಯವರಿಗೆ ನನ್ನ ಗುಣಗಾನ ಮಾಡುತ್ತಿದ್ದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನೀವು ಏನು ಕೇಳಿದ್ರಿ ಅನ್ನೋದು ತಲೆಗೆ ಹೋಗೋಷ್ಟರಲ್ಲಿ ನೀವು ಓಡಿಹೋಗಿದ್ರಿ" ಅಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಕೊಡೆ ಹಿಡಕೊಂಡು ಬಸ್‌ಸ್ಟಾಪಿನ ತನಕ ಓಡಿದೆ, ಬಸ್ಸು ಹೋಗಿತ್ತು. ಬೆಳಿಗ್ಗೆ ಹೇಳೋಣ ಅಂತ ಬಂದೆ. ನೀವು ನಗ್ತಾ ಇದ್ರಿ."

"ನಗ್ತಿದ್ರೆ? ತಪ್ಪು ತಿಳ್ಕೊಂಡಿದ್ದಾಳೆ ಅಂತ ಹೇಳೋಕೇನಾಗಿತ್ತು ನಿಮಗೆ? ಮನಸ್ಸಲ್ಲೇ ಇಟ್ಕೊಂಡು ಕೂತ್ರೆ ನನಗೆ ಹೇಗ್ರೀ ಗೊತ್ತಾಗುತ್ತೆ?"

"ಹೇಳಿದ್ರೆ ನೀವು ಕೇಳಿದ್ದನ್ನ ವಾಪಸ್ ತಗೊಂಡ್ರೆ ಅಂತ ಭಯ ಆಯ್ತು." ಅವನು ತೆರೆಯ ಕಡೆ ನೋಡಿದ, ಓಡಿಸಲು ಸಿದ್ಧವಾಗಿದ್ದ ನನ್ನ ಕೋಡಿನ ಕಡೆ. "ತಪ್ಪಾಗಿ ಆದದ್ದೆಲ್ಲ ವಾಪಸ್ ಹೋಗುತ್ತೆ ಅಲ್ವಾ?"

"ಎಲ್ಲಾ ಹೋಗುತ್ತೆ" ಅಂದೆ, ಮೂಗು ಒರೆಸಿಕೊಳ್ಳುತ್ತಾ.

"ನನ್ನದೊಂದನ್ನ ಬಿಟ್ಟುಬಿಡು" ಅಂದ ಅವನು. "ಅದು ಹಾಗೇ ಇರಲಿ."

ಬಿಡು ಅಂದ. ಬಿಡಿ ಅನ್ನಲಿಲ್ಲ. ಇಷ್ಟು ದಿನ ನೀವು ನೀವು ಅಂತಿದ್ದ ಮನುಷ್ಯ ಬಿಡು ಅಂದ! ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ, ಯಜಮಾನಮ್ಮ ಹಿಂದಿನಿಂದ ಕೈ ಚಾಚಿ ತಾವೇ ಗುಂಡಿ ಒತ್ತಿಬಿಟ್ಟರು. "ಆಯ್ತು" ಅನ್ನುವುದೆಲ್ಲ ಪಟಪಟ ಅಂತ "ನಡೀತಿದೆ" ಆಗುತ್ತಾ ಹೋಯಿತು. ನಾವಿಬ್ಬರೂ ಅದನ್ನು ನೋಡಲಿಲ್ಲ.

"ಏನಂತೇ?" ಅಮ್ಮ ಬಾಗಿಲಿನಿಂದ ಕೂಗಿದಳು. ಅವಳಿಗೆ ಅಷ್ಟರಲ್ಲಿ ತುತ್ತೂರಿಯವರು ಅಳಿಯನಲ್ಲ ಅಂತ ಅರ್ಥವಾಗಿ, ಕೀಲಿ ಹಿಡಿದು ನಿಂತವನ ಮೇಲೆ ಕಣ್ಣು ಬಿದ್ದಿತ್ತು. "ಏನಂದನೇ ಹುಡುಗ?"

ನಾನು ಕುರ್ಚಿ ಹತ್ತಿ ನಿಂತೆ. ಡ್ರಮ್ಮಿಗಿಂತ, ಎಮ್ಮೆಗಿಂತ ಜೋರಾಗಿ, ಇದ್ದ ಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ:

"ಆಯ್ತಮ್ಮಾ!"

ಅಂಗಡಿಯಲ್ಲಿದ್ದವರೆಲ್ಲ ದಡಬಡ ಎದ್ದು, ಚೀಲ ಎತ್ತಿಕೊಂಡು, "ಆಯ್ತಂತೆ, ಆಯ್ತಂತೆ!" ಅನ್ನುತ್ತಾ ಕೌಂಟರಿಗೆ ನುಗ್ಗಿದರು.